ಯಾವ ಸದ್ದು, ಸಾರ್?

ಕಾರು ಇನ್ನೂ ಗ್ಯಾರೇಜಿನ ಗೇಟಿನೊಳಗೆ ಮೂತಿ ತೂರಿಸಿರಲಿಲ್ಲ, ಮೆಕ್ಯಾನಿಕ್ ಸ್ಪ್ಯಾನರ್ ಅಕ್ಕನಿಗೆ ಅದರ ಕಾಯಿಲೆ ತಿಳಿದುಹೋಗಿತ್ತು. ಎಂಜಿನ್ನಿನ ಮುಂಭಾಗದಿಂದ, ಒಣ ಎಲೆಗಳ ಮೇಲೆ ಇಲಿ ಓಡಾಡಿದ ಹಾಗೆ ಸಣ್ಣಗೆ ಚರಚರ. ಆಕ್ಸಿಲರೇಟರ್ ಒತ್ತಿದರೆ ಮುಚ್ಚಿಹೋಗುತ್ತಿತ್ತು, ಕಾಲು ತೆಗೆದಾಗ ಒಂದು ಗಳಿಗೆ ಕೇಳಿಸಿ ಮಾಯವಾಗುತ್ತಿತ್ತು. ಟೈಮಿಂಗ್ ಚೈನ್. ಎಂಜಿನ್ನಿನ ಹೊಟ್ಟೆಯೊಳಗೆ ಓಡುವ ಆ ಸರಪಳಿ ಸಡಿಲವಾಗಿ ಗೋಡೆಗೆ ಉಜ್ಜುತ್ತಿದೆ. ಹೀಗೇ ಬಿಟ್ಟರೆ ಒಂದು ತಿಂಗಳೋ ಎರಡು ತಿಂಗಳೋ, ಯಾವತ್ತೋ ಒಂದು ದಿನ ಹಲ್ಲು ತಪ್ಪುತ್ತದೆ. ಆಮೇಲೆ ವಾಲ್ವುಗಳು ಪಿಸ್ಟನ್ನಿಗೆ ಗುದ್ದಿ, ಎಂಜಿನ್ ಮತ್ತೆ ಎದ್ದೇಳುವುದಿಲ್ಲ.

ಕೈಯಲ್ಲಿದ್ದ ಪ್ಲಗ್ಗನ್ನು ಬಟ್ಟೆಯಲ್ಲಿ ಒರೆಸುತ್ತಾ ಅವಳು ಎದ್ದಳು. ಕಾರಿನ ಬಾಗಿಲು ತೆರೆದು ಇಳಿದವನನ್ನು ನೋಡಿ ಒರೆಸುವ ಕೈ ಅಲ್ಲೇ ನಿಂತಿತು.

ಕೂದಲು ಪೂರ್ತಿ ಬೆಳ್ಳಗಾಗಿತ್ತು, ಹೊಟ್ಟೆ ಕರಗಿತ್ತು. ಆದರೂ ಅವನೇ. ಯಜಮಾನ. ಊರಿನ ಅತಿ ದೊಡ್ಡ ವರ್ಕ್‌ಶಾಪಿನ ಯಜಮಾನ, ಅವಳಪ್ಪ ಇಪ್ಪತ್ತೆರಡು ವರ್ಷ ಹೆಡ್ ಮೇಸ್ತ್ರಿಯಾಗಿ ದುಡಿದ ಜಾಗದ ಯಜಮಾನ. ಹನ್ನೊಂದು ವರ್ಷದ ಹಿಂದೆ ಅಪ್ಪನ ಟೂಲ್ ಬಾಕ್ಸ್ ತರಲು ಅವಳೊಬ್ಬಳೇ ಆ ವರ್ಕ್‌ಶಾಪಿಗೆ ಹೋಗಿದ್ದಳು. ಗಾಜಿನ ಕೋಣೆಯೊಳಗೆ ಫೋನಿನಲ್ಲಿ ನಗುನಗುತ್ತಾ ಮಾತಾಡುತ್ತಿದ್ದವನು ತಲೆಯೆತ್ತಿ ನೋಡಿರಲಿಲ್ಲ. ಅವಳು ಮಾತ್ರ ಕಣ್ತುಂಬ ನೋಡಿಕೊಂಡು ಬಂದಿದ್ದಳು.

"ನೋಡಮ್ಮ," ಅಂದ ಅವನು, ಬಾನೆಟ್ ಮೇಲೆ ಕೈಯಿಟ್ಟು. "ಏನೋ ಒಂದು ಸದ್ದು ಬರ್ತಿದೆ. ನನ್ನ ಮಗನ ವರ್ಕ್‌ಶಾಪಲ್ಲೇ ತೋರಿಸಿದೆ. ಕಂಪ್ಯೂಟರ್ ಹಾಕಿ ನೋಡಿ ಏನೂ ಇಲ್ಲ ಅಂತಾರೆ. ನನ್ನ ಹೆಂಡತೀನೂ ಕೇಳಿಸಲ್ಲ ಅಂತಾಳೆ. ನಿನ್ನ ಕಿವಿ ಬಹಳ ಚುರುಕು ಅಂತ ಯಾರೋ ಹೇಳಿದ್ರು."

ಮೂವತ್ತು ವರ್ಷ ವರ್ಕ್‌ಶಾಪ್ ನಡೆಸಿದ್ದರೂ ಅವನು ಕೈಗೆ ಗ್ರೀಸು ಮೆತ್ತಿಸಿಕೊಂಡವನಲ್ಲ. ಸದ್ದು ಇದೆ ಅನ್ನುವುದು ಗೊತ್ತಾಗಿತ್ತು, ಯಾವುದರದ್ದು ಅನ್ನುವುದು ಗೊತ್ತಾಗಿರಲಿಲ್ಲ.

"ಸ್ಟಾರ್ಟ್ ಮಾಡಿ ಸಾರ್," ಅಂದಳು.

ಮಾಡಿದ. ಚರಚರ. ಅವಳು ಬಾನೆಟ್ ಎತ್ತಿ, ತಲೆ ಓರೆ ಮಾಡಿ, ಕಣ್ಣು ಮುಚ್ಚಿ, ಗಂಭೀರವಾಗಿ ಒಂದು ನಿಮಿಷ ಕೇಳಿದಳು. ಅಪ್ಪ ಕೇಳುತ್ತಿದ್ದುದೂ ಹೀಗೆಯೇ. ಆಮೇಲೆ ಕಣ್ಣು ಬಿಟ್ಟು, ಅವನ ಮುಖ ನೋಡಿ ಕೇಳಿದಳು:

"ಯಾವ ಸದ್ದು, ಸಾರ್?"

ಅದನ್ನು ಮೊದಲೇ ಯೋಚಿಸಿಟ್ಟುಕೊಂಡಿರಲಿಲ್ಲ. ಬಾಯಿಂದ ತಾನಾಗಿ ಬಂತು. ಬಂದ ಮೇಲೆ ಹೊಟ್ಟೆ ತಣ್ಣಗಾಯಿತು.

ಯಾಕೆಂದರೆ ಅಪ್ಪನಿಗೆ ಆಗಿದ್ದು ಇದೇ. ಒಂದು ದೊಡ್ಡ ಹೋಟೆಲಿನ ಕಾರು ರಿಪೇರಿಗೆ ಬಂದಿತ್ತು. ಅದೇ ಸಂಜೆ ಕೊಟ್ಟುಬಿಡುತ್ತೇನೆಂದು ಯಜಮಾನ ಮಾತು ಕೊಟ್ಟಿದ್ದ. ಅಪ್ಪ ಕೇಳಿ, "ಒಳಗೆ ಬೇರಿಂಗ್ ಬಡೀತಿದೆ, ಎಂಜಿನ್ ಬಿಚ್ಚಬೇಕು, ಕೊಡೋಕೆ ಆಗಲ್ಲ" ಅಂದಿದ್ದ. ಯಜಮಾನ ಕೆಲಸದವರನ್ನೆಲ್ಲ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರನ್ನೇ ಕೇಳಿದ್ದ: ನಿನಗೆ ಸದ್ದು ಕೇಳಿಸುತ್ತಾ? ಎಲ್ಲರೂ ಅವನ ಮುಖ ನೋಡಿ, ಇಲ್ಲ ಸಾರ್, ಇಲ್ಲ ಸಾರ್ ಅಂದಿದ್ದರು. "ಸದ್ದು ಎಂಜಿನ್ನಲ್ಲಿಲ್ಲ ಮೇಸ್ತ್ರಿ, ನಿನ್ನ ಕಿವಿಯಲ್ಲಿದೆ," ಅಂದಿದ್ದ ಯಜಮಾನ. ಎಲ್ಲರೂ ನಕ್ಕಿದ್ದರು. ಹತ್ತು ದಿನಕ್ಕೆ ಆ ಕಾರು ನಡುರಸ್ತೆಯಲ್ಲಿ ಕೈಕೊಟ್ಟಾಗ, ಹೆಡ್ ಮೇಸ್ತ್ರಿಯ ಕಿವಿ ಕೆಟ್ಟಿದೆ, ಅವನೇ ಪರೀಕ್ಷೆ ಮಾಡಿ ಸರಿಯಿದೆ ಎಂದು ಬಿಟ್ಟಿದ್ದ ಎಂದು ಹೋಟೆಲಿನವರಿಗೆ ಕಾಗದ ಹೋಯಿತು. ಅದರ ಕೆಳಗೆ ಕೆಲಸದವರೆಲ್ಲ ಸಹಿ ಹಾಕಿದರು. ಅಪ್ಪ ಮನೆಗೆ ಬಂದ.

ಕೆಲಸ ಹೋಗಿದ್ದಕ್ಕಿಂತ ಅಪ್ಪನನ್ನು ತಿಂದುಹಾಕಿದ್ದು ಬೇರೆ. ಅಷ್ಟು ಜನಕ್ಕೆ ಕೇಳಿಸದ್ದು ತನಗೊಬ್ಬನಿಗೇ ಕೇಳಿಸಿತು ಅಂದಮೇಲೆ, ತನ್ನ ಕಿವಿಯಲ್ಲೇ ಏನೋ ಐಬು ಇರಬೇಕು ಅನ್ನುವುದು ಮನಸ್ಸಿನೊಳಗೆ ಕೂತುಬಿಟ್ಟಿತು. ಆಮೇಲೆ ಅಪ್ಪ ಯಾವ ಎಂಜಿನ್ನಿಗೂ ಕಿವಿಗೊಡಲಿಲ್ಲ. ಅವಳು ಓದು ಮುಗಿಸಿ, ಹಠಕ್ಕೆ ಬಿದ್ದು, ಈ ಹಿಂಬೀದಿಯಲ್ಲಿ ಗ್ಯಾರೇಜು ಹಾಕಿದಾಗಲೂ, ಹಿಂಭಾಗದ ಕೋಣೆಯಲ್ಲಿ ಬೆಳಗ್ಗಿನಿಂದ ಸಂಜೆಯವರೆಗೆ ರೇಡಿಯೋ ಜೋರಾಗಿ ಹಾಕಿಕೊಂಡು ಕೂರುತ್ತಿದ್ದ. ಅಡುಗೆ ಮಾಡುತ್ತಿದ್ದ, ಪಾತ್ರೆ ತೊಳೆಯುತ್ತಿದ್ದ, ಇತ್ತ ಬರುತ್ತಿರಲಿಲ್ಲ.

"ಸರಿಯಾಗಿ ಕೇಳಮ್ಮ," ಅಂದ ಯಜಮಾನ. "ಚರಚರ ಅಂತಿದೆಯಲ್ಲ!"

"ನನಗೇನೂ ಕೇಳಿಸ್ತಿಲ್ಲವಲ್ಲ ಸಾರ್. ಇರಿ, ಇನ್ನೊಬ್ಬರನ್ನ ಕೇಳೋಣ."

ಒಳಗೆ ಹೆಡ್‌ಲೈಟ್ ವೈರುಗಳ ನಡುವೆ ಕೂತಿದ್ದ ಎಲೆಕ್ಟ್ರಿಷಿಯನ್ನನ್ನು ಕೂಗಿದಳು. ಬೀದಿಯವರೆಲ್ಲ ಅವನನ್ನು ಕರೆಂಟಣ್ಣ ಅಂತಲೇ ಕರೆಯುವುದು. ಹೊರಗೆ ಬಂದವನು ಯಜಮಾನನನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟ. ಅವನೂ ಒಂದು ಕಾಲಕ್ಕೆ ಅದೇ ವರ್ಕ್‌ಶಾಪಿನವನು. ಅವತ್ತು ಸಾಲಿನಲ್ಲಿ ನಿಂತು ಇಲ್ಲ ಸಾರ್ ಅಂದವರಲ್ಲಿ ಅವನೂ ಒಬ್ಬ, ಸಹಿ ಹಾಕಿದವರಲ್ಲೂ ಒಬ್ಬ. ಮೂರು ವರ್ಷ ಆದಮೇಲೆ ಆ ಕೆಲಸ ಬಿಟ್ಟು ಬಂದು ಅಪ್ಪನ ಕಾಲು ಹಿಡಿದಿದ್ದ. ಅಪ್ಪ ಒಂದು ಮಾತೂ ಆಡದೆ ಅವನಿಗೆ ಊಟ ಬಡಿಸಿದ್ದ. ಅವಳು ಕೆಲಸ ಕೊಟ್ಟಳು, ಕ್ಷಮೆ ಮಾತ್ರ ಕೊಟ್ಟಿರಲಿಲ್ಲ.

"ಅರೇ, ನೀನು ಇಲ್ಲಿದ್ದೀಯಾ!" ಯಜಮಾನನ ಮುಖ ಅರಳಿತು. "ನೀನು ನನ್ನ ಹಳೇ ಮನುಷ್ಯ. ನೀನು ಹೇಳಯ್ಯ. ಸದ್ದು ಇದೆಯೋ ಇಲ್ವೋ?"

ಕರೆಂಟಣ್ಣ ಎಂಜಿನ್ನಿನ ಕಡೆ ನೋಡಿದ. ಅವಳ ಕಡೆ ನೋಡಿದ. ಅವಳು ರೆಪ್ಪೆ ಮಿಟುಕಿಸದೆ ಅವನನ್ನೇ ನೋಡುತ್ತಿದ್ದಳು.

"ಇಲ್ಲ ಸಾರ್," ಅಂದ ಕರೆಂಟಣ್ಣ. "ನನಗೇನೂ ಕೇಳಿಸ್ತಿಲ್ಲ."

ಪಕ್ಕದ ಪಂಕ್ಚರ್ ಅಂಗಡಿಯವನು ಬಿಟ್ಟಿ ಸಲಹೆ ಕೊಡಲು ಯಾವಾಗಲೂ ತಯಾರು. ಅವನಿಗೆ ನಿಜವಾಗಿಯೂ ಏನೂ ಕೇಳಿಸುತ್ತಿರಲಿಲ್ಲ, ಕಂಪ್ರೆಸರ್ ಸದ್ದಿನಲ್ಲಿ ಅವನ ಕಿವಿ ಎಂದೋ ಸತ್ತಿತ್ತು. "ಬೆಣ್ಣೆ ಥರ ಓಡ್ತಿದೆ ಸಾರ್!" ಎಂದು ಅಲ್ಲಿಂದಲೇ ಕೂಗಿದ.

ಯಜಮಾನ ನಿಧಾನಕ್ಕೆ ಕಾರು ಹತ್ತಿದ. ಗೇಟಿನಲ್ಲಿ ಒಮ್ಮೆ ನಿಲ್ಲಿಸಿ, ಕಿಟಕಿಯಿಂದ ತಲೆ ಹೊರಹಾಕಿ, ತಾನೇ ಕೇಳಿಸಿಕೊಂಡ. ಆಮೇಲೆ ಹೋದ.

ಎಂಟು ದಿನಕ್ಕೆ ಮತ್ತೆ ಬಂದ. ಈ ಸಲ ಒಂದು ಚೀಟಿಯಲ್ಲಿ ಬರೆದುಕೊಂಡು ಬಂದಿದ್ದ: ಬೆಳಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಜಾಸ್ತಿ, ಇಳಿಜಾರಿನಲ್ಲಿ ಜಾಸ್ತಿ, ಎಂಜಿನ್ ಬಿಸಿಯಾದ ಮೇಲೆ ಕಮ್ಮಿ. ಬರೆದಿದ್ದೆಲ್ಲ ಅಕ್ಷರಕ್ಷರವೂ ನಿಜ. ಅವಳು ಚೀಟಿ ಓದಿ, ಅವನ ಪಕ್ಕ ಕೂತು, ಊರೆಲ್ಲ ಒಂದು ಸುತ್ತು ಹೊಡೆದುಬಂದಳು. ಇಳಿಜಾರಿನಲ್ಲಿ ಚೈನು ಹಲ್ಲು ಕಡಿದ ಹಾಗೆ ಕಿರುಗುಟ್ಟಿತು.

"ಈಗ! ಈಗ ಕೇಳಿಸ್ತಲ್ಲ?" ಅಂದ.

"ಈಗಲಾ? ಹೊರಗೆ ಯಾವುದೋ ಸೈಕಲ್ ಹೋಯ್ತು ಸಾರ್." ಬಹಳ ಮರ್ಯಾದೆಯಿಂದ ಸೇರಿಸಿದಳು: "ತಪ್ಪು ತಿಳ್ಕೋಬೇಡಿ. ವಯಸ್ಸಾದ ಮೇಲೆ ಒಂದೊಂದು ಸಲ ಸದ್ದು ಎಂಜಿನ್ನಲ್ಲಿರಲ್ಲ, ಕಿವಿಯಲ್ಲಿರುತ್ತೆ. ಒಂದು ಸಲ ಡಾಕ್ಟರಿಗೆ ತೋರಿಸಿಬಿಡಿ."

ಅವನು ಕಿಟಕಿಯ ಗಾಜು ಏರಿಸಿ, ಮತ್ತೆ ಕಿವಿಗೊಟ್ಟು ಗಾಡಿ ಓಡಿಸಿದ. ಅವತ್ತು ಅವಳು ಎರಡು ತುತ್ತು ಜಾಸ್ತಿಯೇ ಉಂಡಳು. ಅಪ್ಪ ಸಾರು ಬಡಿಸುತ್ತಾ, "ಏನೇ, ಇವತ್ತು ಮುಖ ಊರಗಲ ಆಗಿದೆ?" ಎಂದು ರೇಡಿಯೋ ಸದ್ದಿನ ಮೇಲೆ ಕೂಗಿ ಕೇಳಿದ. "ಹಸಿವು ಅಪ್ಪ," ಅಂದಳು.

ಇನ್ನೂ ಎರಡು ವಾರಕ್ಕೆ ಯಜಮಾನನ ಹೆಂಡತಿ ಬಂದರು. ತೆಳ್ಳನೆಯ, ಮೆತ್ತನೆ ಮಾತಿನ ಹೆಂಗಸು. ಗ್ಯಾರೇಜಿನಲ್ಲಿ ಎಲ್ಲಿ ಕಾಲಿಟ್ಟರೆ ಎಣ್ಣೆ ಮೆತ್ತುತ್ತದೋ ಎಂದು ನೋಡಿ ನೋಡಿ ಹೆಜ್ಜೆಯಿಡುತ್ತಾ ಬಂದು, ಟಯರಿನ ಮೇಲೆ ಕೂತರು.

"ನೀವಾದ್ರೂ ಅವರಿಗೆ ಸಮಾಧಾನ ಆಗೋ ಹಾಗೆ ಏನಾದ್ರೂ ಹೇಳಿ ತಾಯಿ. ಬೆಳಗಾದರೆ ಶೆಡ್ಡಿಗೆ ಹೋಗಿ ಗಾಡಿ ಸ್ಟಾರ್ಟ್ ಮಾಡ್ತಾರೆ, ಆಫ್ ಮಾಡ್ತಾರೆ. ನನ್ನನ್ನ ಕೂರಿಸಿ ಕೇಳಿಸ್ತಾ ಕೇಳಿಸ್ತಾ ಅಂತಾರೆ. ಡಾಕ್ಟರು ಕಿವಿ ಸರಿಯಿದೆ ಅಂದ್ರು. ಕಿವಿ ಸರಿಯಿದ್ರೆ ತಲೆ ಕೆಟ್ಟಿರಬೇಕು ಅಂತ ಈಗ ಹೊಸದು ಶುರುವಾಗಿದೆ. ಮಗನ ಮುಂದೆ ಮಾತಾಡೋದೇ ಬಿಟ್ಟಿದ್ದಾರೆ."

ಸ್ಪ್ಯಾನರ್ ಅಕ್ಕ ಬೆಲ್ಲ ಚಪ್ಪರಿಸುವವಳ ಹಾಗೆ ಒಂದೊಂದೇ ಪ್ರಶ್ನೆ ಕೇಳಿದಳು. ಊಟ ಸರಿಯಾಗಿ ಮಾಡ್ತಾರಾ? ಇಲ್ಲ. ನಿದ್ದೆ? ಅಷ್ಟಕ್ಕಷ್ಟೇ. ಯಾರ ಜೊತೆಗಾದ್ರೂ ಮಾತು? ಯಾರ ಜೊತೆಗೂ ಇಲ್ಲ. ಅಪ್ಪನ ಮೊದಲ ವರ್ಷ ಹೇಗಿತ್ತೋ ಹಾಗೆಯೇ, ಒಂದಕ್ಕೊಂದು ತಾಳೆಯಾಗುತ್ತಿತ್ತು. ತನಗೆ ಇಷ್ಟು ಖುಷಿಯಾಗುತ್ತಿರುವುದನ್ನು ಕಂಡು ಅವಳಿಗೇ ಒಂದು ಚೂರು ಗಾಬರಿಯಾಯಿತು. ಆದರೆ ಖುಷಿ ಕಡಿಮೆಯಾಗಲಿಲ್ಲ.

ಏಳುತ್ತಾ ಆಕೆ ಅಂದರು: "ಭಾನುವಾರ ನನ್ನ ತಂಗಿ ಮನೆಗೆ ಹೊರಟಿದ್ದೀವಿ. ಘಾಟಿ ದಾರಿ. ಗಾಳಿ ಬದಲಾದರೆ ಸರಿಹೋಗ್ತಾರೇನೋ."

"ಕಾರಲ್ಲಾ?" ಅವಳ ಕೈಯಿಂದ ಬಟ್ಟೆ ಜಾರಿತು. "ಬೇಡ. ನೀವು ಬಸ್ಸಲ್ಲಿ ಹೋಗಿ."

"ಯಾಕೆ?"

"ಸುಮ್ಮನೆ. ಅವರ ಮನಸ್ಸು ಸರಿಯಿಲ್ಲ ಅಂದ್ರಲ್ಲ, ಅದಕ್ಕೆ. ಬಸ್ಸಲ್ಲೇ ಹೋಗಿ."

ಅವಳಿಗೆ ಬೇಕಾಗಿದ್ದದ್ದು ಅವನ ಎಂಜಿನ್ನಿನ ಸಾವು. ಈ ಹೆಂಗಸಿನದ್ದಲ್ಲ. ಆಕೆ ಹೋದ ಮೇಲೆ ಕರೆಂಟಣ್ಣ ತಲೆ ಬಗ್ಗಿಸಿಕೊಂಡೇ ಅಂದ: "ಹೇಳಿಬಿಡೋಣ ಅಮ್ಮ. ಚೈನು ಜಾಸ್ತಿ ದಿನ ತಡೆಯಲ್ಲ."

"ತಡೆಯದೇ ಇರಲಿ."

"ಸಾಕು ಅನ್ನಿಸಲ್ವಾ?"

"ನಿಮಗೆ ಅವತ್ತು ಅನ್ನಿಸಿತ್ತಾ?" ಅಂದಳು. ಕರೆಂಟಣ್ಣ ತನ್ನ ವೈರುಗಳ ಕಡೆಗೆ ಹೋದ.

ಆ ಭಾನುವಾರ ಗಂಡ-ಹೆಂಡತಿ ಬಸ್ಸಲ್ಲೇ ಹೋಗಿಬಂದರು. ನಲವತ್ತನೆಯ ದಿನ ಯಜಮಾನ ಮತ್ತೆ ಬಂದ. ಗಡ್ಡ ಬೋಳಿಸಿರಲಿಲ್ಲ, ಅಂಗಿಯ ಗುಂಡಿಗಳು ಏರುಪೇರಾಗಿದ್ದವು. ಎಂಜಿನ್ ಆಫ್ ಮಾಡದೆ ಇಳಿದು ನಿಂತುಕೊಂಡ. ಈಗ ಚೈನಿನ ಸದ್ದು ಚರಚರ ಅನ್ನುವ ಹಂತ ದಾಟಿ, ತಗಡಿನ ಡಬ್ಬದಲ್ಲಿ ಮೊಳೆ ಅಲ್ಲಾಡಿಸಿದ ಹಾಗಾಗಿತ್ತು.

"ಇದೊಂದೇ ಸಲ," ಅಂದ. "ಇವತ್ತೂ ಇಲ್ಲ ಅಂದ್ರೆ ಗಾಡಿ ಮುಟ್ಟೋದೇ ಬಿಡ್ತೀನಿ. ಆಣೆ ಮಾಡಿ ಹೇಳಮ್ಮ. ಸದ್ದು ಇದೆಯಾ?"

ಅವಳು ಬಾಯಿ ತೆರೆಯುವಷ್ಟರಲ್ಲಿ ಬೀದಿಗೆಲ್ಲ ಕರೆಂಟು ಹೋಯಿತು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ನಿಂತಿತು, ಹಿಂದಿನ ಕೋಣೆಯ ರೇಡಿಯೋ ಅರ್ಧ ಪದದಲ್ಲಿ ಬಾಯಿ ಮುಚ್ಚಿತು. ಆ ನಿಶ್ಶಬ್ದದಲ್ಲಿ ಕಾರಿನ ಸದ್ದೊಂದೇ ಉಳಿಯಿತು.

ಹಿಂದಿನ ಬಾಗಿಲು ತೆರೆಯಿತು. ಕೈಗೆಲ್ಲ ಸೋಪಿನ ನೊರೆ ಮೆತ್ತಿಕೊಂಡು ಅಪ್ಪ ಬಂದ.

"ಯಾರದ್ದೇ ಆ ಗಾಡಿ? ಟೈಮಿಂಗ್ ಚೈನ್ ಜೋತುಬಿದ್ದಿದೆ. ಆಫ್ ಮಾಡು ಮೊದಲು, ಎಂಜಿನ್ ಹೋಗಿಬಿಡುತ್ತೆ!"

ಯಜಮಾನ ತಿರುಗಿದ. ಅಪ್ಪನ ಗುರುತು ಹತ್ತಿತೋ ಇಲ್ಲವೋ, ಎರಡು ಹೆಜ್ಜೆಗೆ ಬಂದು ಆ ಒದ್ದೆ ಕೈಗಳನ್ನು ಹಿಡಿದುಕೊಂಡ. "ಕೇಳಿಸ್ತಾ? ನಿಮಗೆ ಕೇಳಿಸ್ತಾ?" ಅಂದ. ಅವನ ಕಣ್ಣಲ್ಲಿ ನೀರು ತುಂಬಿತ್ತು.

ಅಪ್ಪ ಅವನ ಮುಖ ನೋಡಿದ. ನೋಡುತ್ತಲೇ ಇದ್ದ. ಆಮೇಲೆ ಕೈ ಬಿಡಿಸಿಕೊಂಡು, ಕರೆಂಟಣ್ಣನ ಕಡೆ ತಿರುಗಿದ.

"ನಿನಗೆ ಕೇಳಿಸಲಿಲ್ವೇನೋ?"

"ಕೇಳಿಸ್ತು ಮೇಸ್ತ್ರಿ."

"ಮತ್ತೆ?"

ಕರೆಂಟಣ್ಣ ಅವಳ ಕಡೆ ನೋಡಿ ತಲೆ ತಗ್ಗಿಸಿದ. ಅವಳು ಗದ್ದ ಮೇಲೆತ್ತಿ ನಿಂತಿದ್ದಳು. ಅಪ್ಪ ಬೈಯುತ್ತಾನೆ, ಹೀಗೆಲ್ಲ ಮಾಡಬಾರದು ಅನ್ನುತ್ತಾನೆ ಎಂದು ಉತ್ತರವನ್ನೂ ತಯಾರು ಮಾಡಿಟ್ಟುಕೊಂಡಳು. ಅಪ್ಪ ಬೈಯಲಿಲ್ಲ. ಮೊದಲು ಅವನ ಭುಜ ಅಲುಗಿತು, ಆಮೇಲೆ ಹೊಟ್ಟೆ ಅಲುಗಿತು. ಹೊಟ್ಟೆ ಹಿಡಿದುಕೊಂಡು, ಕೆಮ್ಮು ಹತ್ತುವ ತನಕ ನಕ್ಕ. ಅಪ್ಪ ಹಾಗೆ ನಕ್ಕಿದ್ದನ್ನು ಅವಳು ಹನ್ನೊಂದು ವರ್ಷದಿಂದ ಕಂಡಿರಲಿಲ್ಲ.

"ಎಷ್ಟು ದಿನದಿಂದ?" ಎಂದು ಯಜಮಾನನನ್ನೇ ಕೇಳಿದ.

"ನಲವತ್ತು ದಿನ," ಅಂದ ಯಜಮಾನ. ಈಗ ಅವನಿಗೆ ಗುರುತು ಹತ್ತಿತ್ತು. ಮೇಸ್ತ್ರಿಯನ್ನು, ಅವಳನ್ನು, ಕರೆಂಟಣ್ಣನನ್ನು ಒಬ್ಬರಾದ ಮೇಲೆ ಒಬ್ಬರನ್ನು ನೋಡಿದ. ಮುಖ ಕಪ್ಪಿಟ್ಟಿತು. "ನಿನ್ನ ಮಗಳಾ ಇವಳು?"

"ಹೌದು. ನನಗೆ ಹನ್ನೊಂದು ವರ್ಷ, ಯಜಮಾನರೇ. ನಿಮಗೆ ಬರೀ ನಲವತ್ತು ದಿನ." ಅಪ್ಪ ಕೈಯೊರೆಸಿಕೊಂಡ. ನಗು ನಿಂತಿತ್ತು. "ಅವತ್ತು ಆ ಹೋಟೆಲ್ ಕಾರಲ್ಲಿ ಸದ್ದು ಇತ್ತೋ ಇಲ್ವೋ?"

ಯಜಮಾನ ಬಾನೆಟ್ಟಿನ ಕಡೆ ತಿರುಗಿಕೊಂಡ.

"ಇತ್ತೋ, ಇಲ್ವೋ?"

"...ಇತ್ತು."

"ಇಲ್ಲಿ ಹೇಳಿದ್ರೆ ಯಾರಿಗೆ ಬೇಕು? ಎಲ್ಲಿ ಇಲ್ಲ ಅಂದಿರೋ ಅಲ್ಲಿ ಬಂದು ಹೇಳಿ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹೇಳಿ."

"ಅಲ್ಲಿ ನನ್ನ ಮಗ ಇದ್ದಾನೆ ಮೇಸ್ತ್ರಿ. ನಾನು ಹೇಗೆ…"

"ಅವತ್ತು ನನಗೂ ಮನೇಲಿ ಮಗಳಿದ್ದಳು. ಆಗಲ್ವಾ? ಸರಿ ಹಾಗಾದ್ರೆ. ಈ ಗಾಡೀಲಿ ಸದ್ದು ಇಲ್ಲ. ಹೋಗಿ ಬನ್ನಿ." ಅಪ್ಪ ಹಿಂದೆ ತಿರುಗಿ ಒಳಗೆ ಹೋಗಿ, ಮತ್ತೆ ಪಾತ್ರೆ ತೊಳೆಯುವುದಕ್ಕೆ ನಿಂತ. ಪಾತ್ರೆಗಳ ಸದ್ದು ಇಲ್ಲಿಗೆ ಕೇಳಿಸುತ್ತಿತ್ತು.

ಯಜಮಾನ ಕಾರಿನೊಳಗೆ ಹೋಗಿ ಕೂತ. ಕೀಲಿ ತಿರುಗಿಸಿ ಎಂಜಿನ್ ಆಫ್ ಮಾಡಿದ, ಆದರೆ ಹೋಗಲಿಲ್ಲ. ಎದುರಿನ ಗಾಜನ್ನು ನೋಡುತ್ತಾ ಕಾಲು ಗಂಟೆ ಕೂತಿದ್ದ. ಅವಳು ಅಲ್ಲೇ ನಿಂತು ಅವನನ್ನು ನೋಡುತ್ತಿದ್ದಳು, ಒಂದು ಲೋಟ ನೀರೂ ಕೊಡಲಿಲ್ಲ. ಕೊನೆಗೆ ಅವನು ಇಳಿದು, ಹಿಂದಿನ ಬಾಗಿಲಿನ ಹತ್ತಿರ ಹೋಗಿ ಹೊಸ್ತಿಲಾಚೆಯೇ ನಿಂತ.

"ಬಾ ಮೇಸ್ತ್ರಿ. ಹೋಗೋಣ."

ಕಾರನ್ನು ಮತ್ತೆ ಸ್ಟಾರ್ಟ್ ಮಾಡಲು ಅಪ್ಪ ಬಿಡಲಿಲ್ಲ. ಅವಳ ಜೀಪಿಗೆ ಹಗ್ಗ ಕಟ್ಟಿ ಎಳೆದುಕೊಂಡು ಹೋದರು. ತನ್ನ ವರ್ಕ್‌ಶಾಪಿಗೆ ತಾನೇ ಹಗ್ಗದ ತುದಿಯಲ್ಲಿ ಬರುವ ಯಜಮಾನನನ್ನು ಅವಳು ಕನ್ನಡಿಯಲ್ಲಿ ದಾರಿಯುದ್ದಕ್ಕೂ ನೋಡಿದಳು.

ವರ್ಕ್‌ಶಾಪು ಬದಲಾಗಿತ್ತು. ನೆಲಕ್ಕೆ ಬೂದು ಬಣ್ಣ, ಗೋಡೆಗೆ ದೊಡ್ಡ ದೊಡ್ಡ ಕಂಪ್ಯೂಟರ್ ಪರದೆಗಳು. ಇಪ್ಪತ್ತು ಜನ ಕೆಲಸ ಬಿಟ್ಟು ಬಂದು ನಿಂತರು. ಅವರಲ್ಲಿ ಅಪ್ಪನ ಗುರುತಿದ್ದವರು ಇಬ್ಬರೇ, ಬಣ್ಣ ಬಳಿಯುವವನು ಮತ್ತು ಲೇತ್ ಯಂತ್ರ ನೋಡುವವನು. ಉಳಿದವರಿಗೆ ಇವರು ಯಾರು, ಯಾಕೆ ಬಂದರು, ಒಂದೂ ತಿಳಿಯದು. ಯಜಮಾನನ ಮಗ ಓಡಿ ಬಂದು, "ಅಪ್ಪಾ, ಏನಿದೆಲ್ಲ? ಒಳಗೆ ಬನ್ನಿ," ಎಂದು ತೋಳು ಹಿಡಿದ. ಯಜಮಾನ ಬಿಡಿಸಿಕೊಂಡ.

"ಹನ್ನೊಂದು ವರ್ಷದ ಹಿಂದೆ ಇವರು ಇಲ್ಲಿ ಹೆಡ್ ಮೇಸ್ತ್ರಿ," ಅಂದ. ದನಿ ಮೇಲೇಳಲಿಲ್ಲ. "ಒಂದು ಗಾಡೀಲಿ ಬೇರಿಂಗ್ ಸದ್ದು ಇದೆ ಅಂದ್ರು. ಇತ್ತು. ನಾನು ಇಲ್ಲ ಅಂದೆ. ಎಲ್ಲರ ಬಾಯಲ್ಲೂ ಇಲ್ಲ ಅನ್ನಿಸಿದೆ. ಇವರ ಕಿವಿ ಸರಿಯಾಗೇ ಇತ್ತು. ಸುಳ್ಳು ಹೇಳಿದ್ದು ನಾನು. ಸುಳ್ಳು ಕಾಗದ ಬರೆದಿದ್ದೂ ನಾನೇ."

ಅಷ್ಟೇ. ಹಿಂದಿನ ಸಾಲಿನಲ್ಲಿ ಯಾರೋ ಫೋನು ನೋಡುತ್ತಿದ್ದ. ಹನ್ನೊಂದು ವರ್ಷ ಇದೊಂದು ಮಾತಿಗಾಗಿ ಕಾದಿದ್ದ ಅವಳಿಗೆ, ಇಷ್ಟೇ ಇಷ್ಟಾಯಿತಲ್ಲ ಅನ್ನಿಸಿತು. ಆಗ ಬಣ್ಣದವನು ತಲೆಗೆ ಸುತ್ತಿದ್ದ ಬಟ್ಟೆ ತೆಗೆದು, "ನನಗೂ ಕೇಳಿಸಿತ್ತು ಮೇಸ್ತ್ರಿ," ಅಂದ. ಲೇತಿನವನು ಮುಖ ಆಚೆ ತಿರುಗಿಸಿದ.

ಅಪ್ಪ ಒಂದು ಉದ್ದನೆಯ ಕಬ್ಬಿಣದ ಸರಳು ಕೇಳಿದ. ಕಾರನ್ನು ಅರ್ಧ ನಿಮಿಷದ ಮಟ್ಟಿಗೆ ಸ್ಟಾರ್ಟ್ ಮಾಡಿಸಿ, ಸರಳಿನ ಒಂದು ತುದಿ ಎಂಜಿನ್ನಿನ ಮುಂಭಾಗಕ್ಕೆ, ಇನ್ನೊಂದು ತುದಿ ಕಿವಿಗೆ ಇಟ್ಟುಕೊಂಡ. ತುದಿಯನ್ನು ಅಲ್ಲಿಂದಿಲ್ಲಿಗೆ ಸರಿಸುತ್ತಾ ಹೋದ. ಒಂದು ಜಾಗದಲ್ಲಿ ನಿಲ್ಲಿಸಿದ.

"ಇಲ್ಲಿ," ಅಂದ. "ಒಳಗೆ ಚೈನಿಗೆ ಆಸರೆ ಕೊಡೋ ಪಟ್ಟಿ ಮುರಿದಿದೆ. ಎರಡು ತುಂಡು. ಮೇಲಿನದ್ದು ಇನ್ನೂ ಹಿಡ್ಕೊಂಡಿದೆ, ಅದಕ್ಕೇ ನೀವು ಇವತ್ತಿನವರೆಗೆ ಬಂದಿರಿ."

ಯಜಮಾನನ ಮಗನೇ ನಿಂತು ಬಿಚ್ಚಿಸಿದ. ಎರಡು ಗಂಟೆ ಹಿಡಿಯಿತು. ಕವರ್ ತೆಗೆದಾಗ ಪಟ್ಟಿ ಎರಡು ತುಂಡಾಗಿತ್ತು, ಮೇಲಿನ ತುಂಡು ಒಂದೇ ಬೋಲ್ಟಿಗೆ ನೇತಾಡುತ್ತಿತ್ತು. ಕೆಲಸದವರ ಗುಂಪಿನಿಂದ ಒಂದು ಗುಜುಗುಜು ಎದ್ದಿತು. ಈ ಸಲ ಫೋನು ನೋಡುತ್ತಿದ್ದವನೂ ಕತ್ತು ಚಾಚಿ ನೋಡಿದ. ಯಜಮಾನ ಆ ತುಂಡನ್ನು ಕೈಗೆತ್ತಿಕೊಂಡು, ಮಗನಿಗೆ ತೋರಿಸಿ, "ನನಗೆ ತಲೆ ಕೆಟ್ಟಿರಲಿಲ್ಲ," ಎಂದು ಮೂರು ಸಲ ಹೇಳಿದ. ಅವನನ್ನು ಯಾರೂ ಸಮಾಧಾನ ಮಾಡಲಿಲ್ಲ.

ವಾಪಸು ಬರುವಾಗ ಜೀಪಿನಲ್ಲಿ ಅವಳೇ ಮೊದಲು ಬಾಯಿಬಿಟ್ಟಳು. "ನೀನು ಬರದೇ ಇದ್ದಿದ್ರೆ ಇನ್ನೊಂದು ವಾರದಲ್ಲಿ ಎಂಜಿನ್ ಹೋಗ್ತಿತ್ತು. ನಾನು ಹೋಗಲಿ ಅಂತಲೇ ಬಿಟ್ಟಿದ್ದೆ."

"ಗೊತ್ತು."

"ಬೈಯಲ್ವಾ?"

ಅಪ್ಪ ಕಿಟಕಿಯ ಆಚೆ ನೋಡುತ್ತಾ ಕೂತಿದ್ದ. "ಬೈಯೋದು ಅದಕ್ಕಲ್ಲ," ಅಂದ. "ನಲವತ್ತು ದಿನ ನೀನೊಬ್ಬಳೇ ಸುಖಪಟ್ಟೆಯಲ್ಲೇ. ನನಗೂ ಒಂದು ಮಾತು ಹೇಳಬಾರದಿತ್ತಾ?"

ಅವಳು ತಿರುಗಿ ಅಪ್ಪನ ಮುಖ ನೋಡಿದಳು. ಆಮೇಲೆ ಇಬ್ಬರಿಗೂ ನಗು ಬಂತು.

ಮಾರನೇ ದಿನದಿಂದ ಅಪ್ಪ ದಿನಾ ಬೆಳಗ್ಗೆ ಎರಡು ಗಂಟೆ ಹೊತ್ತು ಗ್ಯಾರೇಜಿನಲ್ಲಿ ಕೂರತೊಡಗಿದ. ಆದರೆ ಅದೇ ವಾರ ಕರೆಂಟಣ್ಣ ತನ್ನ ಮೀಟರು, ಕಟಿಂಗ್ ಪ್ಲೈಯರು, ಬಣ್ಣದ ಟೇಪುಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿಕೊಂಡು ಅವಳ ಎದುರು ಬಂದು ನಿಂತ.

"ಬೇರೆ ಕಡೆ ಕೆಲಸ ನೋಡ್ಕೊಂಡಿದ್ದೀನಿ ಅಮ್ಮ."

"ಯಾಕೆ? ನಾನೇನು ಕಮ್ಮಿ ಮಾಡಿದೆ?"

"ಕಮ್ಮಿ ಏನಿಲ್ಲ. ಒಂದು ಸಲ ಅವರಿಗೋಸ್ಕರ ಕಿವಿ ಇಲ್ಲದವನಾದೆ, ಇನ್ನೊಂದು ಸಲ ನಿಮಗೋಸ್ಕರ. ಎರಡು ಸಲವೂ ಅನ್ನ ಕೊಡೋರ ಮುಖ ನೋಡಿ ಹೇಳಿದೆ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ಮೇಸ್ತ್ರಿಗೆ ಹೇಳಿಯೇ ಬಂದೆ."

ಇರಿ ಅನ್ನಬೇಕೆಂದು ಅವಳ ಬಾಯಿಗೆ ಬಂತು. ಹನ್ನೊಂದು ವರ್ಷದ ಹಿಂದಿನ ಆ ಸಹಿಯೂ ನೆನಪಿಗೆ ಬಂತು. ಅವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಅವನು ಚೀಲ ಹೆಗಲಿಗೇರಿಸಿ, ಪಂಕ್ಚರ್ ಅಂಗಡಿಯವನಿಗೆ ಕೈಯೆತ್ತಿ, ಬೀದಿಯ ತಿರುವಿನಲ್ಲಿ ಮರೆಯಾದ.

ಅವನು ಅರ್ಧಕ್ಕೆ ಬಿಟ್ಟುಹೋದ ವ್ಯಾನೊಂದು ಒಳಗೆ ನಿಂತಿತ್ತು, ಡ್ಯಾಷ್‌ಬೋರ್ಡಿನಿಂದ ವೈರುಗಳೆಲ್ಲ ಹೊರಗೆ ಜೋತುಬಿದ್ದು. ಯಾವ ವೈರು ಯಾವುದಕ್ಕೆ ಹೋಗುತ್ತದೆ ಎಂದು ಪತ್ತೆ ಹಚ್ಚಲು ಅವಳಿಗೆ ಪೂರಾ ಎರಡು ದಿನ ಹಿಡಿಯಿತು.